ಮೊಬೈಲ್‌ನಲ್ಲಿ ದ್ವೇಷ ಬಂದರೆ ಏನು ಮಾಡೋದು? ಬೆಳಗಾವಿ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಕಾಲೇಜು, ಸ್ವಸಹಾಯ ಸಂಘ, ಯುವಕ ಮಂಡಳಗಳಲ್ಲಿ ಈ ವಿಷಯ ಎತ್ತಿದಾಗ ಮಂದಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಎಲ್ಲ ಓದಲು ಪುರುಸೊತ್ತು ಇಲ್ಲ ಅಂದ್ರೆ ಎರಡನ್ನಾದರೂ ಓದಿ. ಒಂದು, ವಿಡಿಯೋ ಪರೀಕ್ಷಿಸುವುದು ಹೇಗೆ ಅನ್ನೋದು. ಇನ್ನೊಂದು, ಮನೆಯವರ ಜತೆ ಮಾತಾಡೋದು ಹೇಗೆ ಅನ್ನೋದು.

ಬೈಗುಳಕ್ಕೂ ದ್ವೇಷದ ಮಾತಿಗೂ ಏನು ವ್ಯತ್ಯಾಸ?

ಒಬ್ಬ ಮನುಷ್ಯ ಮಾಡಿದ ಕೆಲಸಕ್ಕೆ ಅವನನ್ನು ಬೈಯುವುದು ಬೇರೆ. ಅವನು ಹುಟ್ಟಿದ ಜಾತಿ, ಧರ್ಮ, ಆಡುವ ಭಾಷೆ ಹಿಡಿದು ಇಡೀ ಗುಂಪನ್ನು ಕೀಳು ಮಾಡುವುದು ಬೇರೆ. ವಿಶ್ವಸಂಸ್ಥೆ 2019ರಲ್ಲಿ ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ: ಮನುಷ್ಯ ಯಾರು ಅನ್ನೋ ಕಾರಣಕ್ಕೇ ಅವನ ಮೇಲೆ ದಾಳಿ ಮಾಡುವ, ತುಚ್ಛವಾಗಿ ಕಾಣುವ ಮಾತು.

ಶಾಸಕರು ರಸ್ತೆ ಮಾಡಿಸಲಿಲ್ಲ ಅಂತ ಎಷ್ಟು ಖಾರವಾಗಿ ಬರೆದರೂ ಅದು ಟೀಕೆ. ಅದಕ್ಕೆ ಎಲ್ಲರಿಗೂ ಹಕ್ಕಿದೆ. "ಆ ಮಂದಿನೇ ಹಾಗೆ, ಅವರ ಅಂಗಡಿಗೆ ಹೋಗಬೇಡಿ" ಅಂದರೆ ಅದು ದ್ವೇಷ, ಎಷ್ಟೇ ನಯವಾದ ಭಾಷೆಯಲ್ಲಿ ಬರೆದಿದ್ದರೂ. ದ್ವೇಷದ ಪೋಸ್ಟ್‌ನಲ್ಲಿ ಒಂದೂ ಕೆಟ್ಟ ಪದ ಇಲ್ಲದೇ ಇರಬಹುದು, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ.

ನಡುವೆ ಗೊಂದಲ ಬಂದರೆ ರಬಾತ್ ಕಾರ್ಯಯೋಜನೆ ಅಂತ 2012ರಲ್ಲಿ ವಿಶ್ವಸಂಸ್ಥೆಯ ತಜ್ಞರು ರೂಪಿಸಿದ ಆರು ಅಂಶಗಳನ್ನು ನೋಡಬಹುದು. ಊರಿನ ಪರಿಸ್ಥಿತಿ ಹೇಗಿದೆ, ಹೇಳಿದವನು ಯಾರು, ಅವನ ಉದ್ದೇಶ ಏನು, ಮಾತು ಯಾವ ರೂಪದಲ್ಲಿದೆ, ಎಷ್ಟು ಜನಕ್ಕೆ ತಲುಪಿತು, ಅದರಿಂದ ನಿಜವಾಗಿ ಹಾನಿ ಆಗುವ ಸಂಭವ ಎಷ್ಟು. ಎಂಟು ಜನ ಇರುವ ಗ್ರೂಪಿನಲ್ಲಿ ಸಿಟ್ಟಿನಲ್ಲಿ ಅಂದ ಮಾತನ್ನೂ, ಊರಲ್ಲಿ ಮೊದಲೇ ಬಿಗುವು ಇದ್ದಾಗ ಸಾವಿರಾರು ಜನ ನೋಡುವ ಪೇಜಿನಲ್ಲಿ ಹಾಕಿದ ಅದೇ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಬೆಳಗಾವಿ ಕಡೆ ಇದು ಯಾಕೆ ಇಷ್ಟು ಬೇಗ ಹಬ್ಬುತ್ತದೆ?

ಇಲ್ಲಿ ಎರಡು ಭಾಷೆಯ ಗ್ರೂಪುಗಳಿವೆ. ಒಂದೇ ವಿಡಿಯೋ ಕನ್ನಡ ಗ್ರೂಪಿಗೆ ಒಂದು ಸಾಲು ಹೊತ್ತುಕೊಂಡು ಬರುತ್ತದೆ, ಮರಾಠಿ ಗ್ರೂಪಿಗೆ ತದ್ವಿರುದ್ಧ ಸಾಲು ಹೊತ್ತು ಹೋಗುತ್ತದೆ. ಎರಡೂ ಕಡೆಯವರು ತಮ್ಮದೇ ಮೈಮೇಲೆ ಏಟು ಬಿತ್ತು ಅಂದುಕೊಳ್ಳುತ್ತಾರೆ. ನವೆಂಬರ್ 1ರ ಆಸುಪಾಸಿನಲ್ಲಿ ನೋಡಿ, ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನದ ಕರೆ, ಆ ವಾರ ಹಳೆಯ ವಿಡಿಯೋಗಳೆಲ್ಲ ಎದ್ದು ಬರುತ್ತವೆ.

2025ರ ಫೆಬ್ರುವರಿಯಲ್ಲಿ ಬೆಳಗಾವಿ ತಾಲೂಕಿನಲ್ಲಿ ಬಸ್ ಕಂಡಕ್ಟರ್ ಮೇಲೆ ಭಾಷೆಯ ವಿಷಯಕ್ಕೆ ಹಲ್ಲೆ ಆಯಿತು. ಘಟನೆ ನಿಜ. ಆದರೆ ಮೊಬೈಲ್‌ನಲ್ಲಿ ಅದು ಕೆಲವರು ಮಾಡಿದ ಅಪರಾಧವಾಗಿ ಉಳಿಯಲಿಲ್ಲ, ಎರಡು ಭಾಷೆಯ ಜಗಳವೇ ಆಯಿತು. ಬಸ್ಸಿಗೆ ಮಸಿ ಬಳಿದರು, ಎರಡೂ ರಾಜ್ಯಗಳ ನಡುವೆ ಬಸ್ ನಿಂತವು, ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಕರೆ ಬಂತು. ಪೆಟ್ಟು ತಿಂದವರು ಯಾರು? ಆಸ್ಪತ್ರೆಗೆ, ಸಂತೆಗೆ, ನೆಂಟರ ಮನೆಗೆ ಹೋಗಬೇಕಾಗಿದ್ದ ಎರಡೂ ಭಾಷೆಯ ಮಂದಿ.

ಭಾಷೆ ಒಂದೇ ಅಲ್ಲ. 2022ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಒಂದು ವಾಟ್ಸಾಪ್ ಸ್ಟೇಟಸ್‌ನಿಂದ ಶುರುವಾಗಿ ಠಾಣೆ ಮೇಲೆ ಕಲ್ಲು ಬಿದ್ದವು. 2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲೂ ಸ್ಟೇಟಸ್‌ಗಳ ಮೇಲೇ ಗಲಭೆ ಆಗಿ ಇಂಟರ್ನೆಟ್ ಬಂದ್ ಮಾಡಬೇಕಾಯಿತು. ಎರಡೂ ಊರು ನಮಗೆ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಸ್ಟೇಟಸ್ 24 ತಾಸಿನಲ್ಲಿ ತಾನೇ ಹೋಗುತ್ತದೆ ಅಂತ ಹುಡುಗರು ಹಗುರವಾಗಿ ತಗೊಳ್ಳುತ್ತಾರೆ. ಯಾರೋ ಒಬ್ಬರು ಅದರ ಸ್ಕ್ರೀನ್‌ಶಾಟ್ ತೆಗೆದರೆ ಸಾಕು, ಅದು ಹೋಗುವುದೇ ಇಲ್ಲ.

ಸುಳ್ಳು ಸುದ್ದಿ, ದ್ವೇಷ ಎರಡೂ ಒಂದೇನಾ?

ಅಲ್ಲ, ಆದರೆ ಜೋಡಿಯಾಗಿ ಓಡಾಡುತ್ತವೆ. ನಾವು ನೋಡಿದ ಹಾಗೆ ಪೂರ್ತಿ ಕಟ್ಟಿದ ಸುಳ್ಳು ಕಡಿಮೆ. ನಿಜವಾದ ವಿಡಿಯೋಕ್ಕೆ ಸುಳ್ಳು ಊರು, ಸುಳ್ಳು ತಾರೀಕು, ಸುಳ್ಳು ಜಾತಿ ಅಂಟಿಸಿದ್ದೇ ಜಾಸ್ತಿ.

2018ರ ಮಕ್ಕಳ ಕಳ್ಳರ ವಿಡಿಯೋ ನೆನಪಿದೆಯಾ? ಬೈಕ್ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಜಾಹೀರಾತು. ಮೂಲದಲ್ಲಿ ಅವರು ಮಗುವನ್ನು ವಾಪಸ್ ತಂದುಬಿಟ್ಟು, ಸಂದೇಶ ಬರೆದ ಫಲಕ ತೋರಿಸುತ್ತಾರೆ. ಕೊನೆಯ ಆ ತುಣುಕನ್ನು ಯಾರೋ ಕತ್ತರಿಸಿದರು, ಅಷ್ಟೇ. ಅಂಥ ವದಂತಿಗಳು ತಿಂಗಳುಗಟ್ಟಲೆ ಹರಿದಾಡಿದ ಮೇಲೆ ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್‌ನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಜನ ಬಡಿದು ಕೊಂದರು. ಅವರ ಜತೆಯವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಕಾರು ಮುಂದಿನ ಊರು ಮುಟ್ಟುವ ಮೊದಲೇ ಗ್ರೂಪಿನಲ್ಲಿ ಸುದ್ದಿ ಮುಟ್ಟಿತ್ತು.

ಒಂದು ವಿಡಿಯೋ ಬಂದಿದೆ. ನಿಜವೋ ಸುಳ್ಳೋ ನಾನೇ ಹೇಗೆ ನೋಡೋದು?

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಅದನ್ನೇ ಮಾಡೋಣ. ಮೊದಲು ಧ್ವನಿ ಬಂದ್ ಮಾಡಿ ನೋಡಿ. ಮೇಲೆ ಬರೆದ ಸಾಲನ್ನೂ ಓದಬೇಡಿ. ಸಿಟ್ಟು ತರಿಸುವುದು ಬಹಳ ಸಲ ಹಿನ್ನೆಲೆಯ ಸಂಗೀತ ಮತ್ತು ಆ ಸಾಲು. ಎರಡನ್ನೂ ತೆಗೆದರೆ ಉಳಿಯುವುದು ಬರೀ ಚಿತ್ರ, ಅದನ್ನು ಶಾಂತವಾಗಿ ನೋಡಬಹುದು.

ಆಮೇಲೆ ನಿಲ್ಲಿಸಿ ನಿಲ್ಲಿಸಿ ಮೂಲೆಗಳನ್ನು ನೋಡಿ. ಅಂಗಡಿಯ ಬೋರ್ಡ್ ಯಾವ ಲಿಪಿಯಲ್ಲಿದೆ? ಗಾಡಿಯ ನಂಬರ್ ಪ್ಲೇಟ್ ಕಾಣುತ್ತದಾ? ಬೆಳಗಾವಿಯದು ಕೆಎ 22, ಚಿಕ್ಕೋಡಿಯದು 23, ಬೈಲಹೊಂಗಲದ್ದು 24, ಗೋಕಾಕದ್ದು 49, ಕೊಲ್ಹಾಪುರದ್ದು ಎಂಎಚ್ 09. ಒಂದು ಗಾಡಿ ಎಲ್ಲಿಂದಲೋ ಬಂದಿರಬಹುದು, ಆದರೆ ಸಾಲಾಗಿ ನಿಂತ ಹತ್ತು ಬೈಕಿನ ನಂಬರೂ ಬೇರೆ ರಾಜ್ಯದ್ದಾದರೆ ಅದು ನಮ್ಮ ಊರಲ್ಲ. ಪೊಲೀಸರ ಸಮವಸ್ತ್ರ ನೋಡಿ, ಟೋಪಿ ನೋಡಿ. ಬಸ್ಸಿನ ಬಣ್ಣ ನೋಡಿ.

ಹವಾಮಾನ ನೋಡುವುದನ್ನು ಮರೆಯಬೇಡಿ. ಜುಲೈನಲ್ಲಿ ಬೆಳಗಾವಿ ಊರೆಲ್ಲ ತೊಯ್ದಿರುತ್ತದೆ, ಮಂದಿ ಕೊಡೆ ಬಿಟ್ಟು ಹೊರಗೆ ಬರುವುದಿಲ್ಲ. "ಇವತ್ತು ಬೆಳಿಗ್ಗೆ ನಡೆದದ್ದು" ಅಂತ ಬಂದ ವಿಡಿಯೋದಲ್ಲಿ ಒಣ ಧೂಳು ಏಳುತ್ತಿದ್ದರೆ, ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿದ್ದರೆ ಸ್ವಲ್ಪ ನಿಲ್ಲಿ. ಕಬ್ಬು ನುರಿಸುವುದು ದೀಪಾವಳಿ ಹೊತ್ತಿಗೆ ಶುರುವಾಗಿ ಬೇಸಿಗೆಯ ಒಳಗೆ ಮುಗಿಯುತ್ತದೆ ಅಲ್ವಾ? ಇಂಥದ್ದು ನಮ್ಮ ಊರಿನವರಿಗೆ ಗೊತ್ತಾಗುವಷ್ಟು ಬೆಂಗಳೂರಿನಲ್ಲಿ ಕುಳಿತ ತಜ್ಞರಿಗೂ ಗೊತ್ತಾಗುವುದಿಲ್ಲ.

ಈಗ ತಂತ್ರಜ್ಞಾನ. ಮುಖ್ಯ ದೃಶ್ಯ ಬಂದಾಗ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಬರೆದ ಅಕ್ಷರ, ಲೋಗೋ ಎಲ್ಲ ಕತ್ತರಿಸಿ ಬರೀ ಚಿತ್ರ ಉಳಿಸಿಕೊಂಡು, ಅದೇ ಚಿತ್ರ ಬೇರೆ ಎಲ್ಲಿ ಬಂದಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಕತ್ತರಿಸದೇ ಹಾಕಿದರೆ ಲೆನ್ಸ್ ಅಕ್ಷರಗಳ ಹಿಂದೆ ಬೀಳಬಹುದು. ಒಂದು ಫ್ರೇಮ್‌ಗೆ ಏನೂ ಸಿಗದಿದ್ದರೆ ಮೂರು ನಾಲ್ಕು ಬೇರೆ ಫ್ರೇಮ್ ಹಾಕಿ ನೋಡಿ, ಕಟ್ಟಡ ಅಥವಾ ಬೋರ್ಡ್ ಸ್ಪಷ್ಟ ಕಾಣುವಂಥದ್ದು ಇದ್ದರೆ ಒಳ್ಳೆಯದು. ಅದೇ ಚಿತ್ರ ಮೂರು ವರ್ಷದ ಹಿಂದಿನ ಸುದ್ದಿಯಲ್ಲಿ ಸಿಕ್ಕರೆ ಕೆಲಸ ಮುಗಿಯಿತು. ಟಿನ್‌ಐ ಅಂಥದ್ದೇ ಇನ್ನೊಂದು, ಅದರಲ್ಲಿ ಹಳೆಯದು ಮೊದಲು ಬರುವ ಹಾಗೆ ಜೋಡಿಸಿ ನೋಡಬಹುದು. ಕಂಪ್ಯೂಟರ್ ಇದ್ದವರಿಗೆ ಇನ್‌ವಿಡ್ ಅನ್ನೋ ಬ್ರೌಸರ್ ಪ್ಲಗಿನ್ ಇದೆ, ವಿಡಿಯೋದಿಂದ ಮುಖ್ಯ ಫ್ರೇಮ್‌ಗಳನ್ನು ತಾನೇ ಬಿಡಿಸಿ ಕೊಡುತ್ತದೆ.

ಯಾರಾದರೂ ಆಗಲೇ ಪರೀಕ್ಷೆ ಮಾಡಿರಬಹುದು. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ಕನ್ನಡದಲ್ಲಿ ಬರೆಯುತ್ತವೆ, ಆಲ್ಟ್ ನ್ಯೂಸ್, ಬೂಮ್ ಇಂಗ್ಲಿಷ್ ಹಿಂದಿಯಲ್ಲಿವೆ. ವಿಡಿಯೋದಲ್ಲಿ ಇರುವುದನ್ನು ನಾಲ್ಕು ಪದದಲ್ಲಿ ಬರೆದು "ಫ್ಯಾಕ್ಟ್ ಚೆಕ್" ಸೇರಿಸಿ ಹುಡುಕಿ. ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ವಿಡಿಯೋ ನಿಜ ಅಂತಲ್ಲ. ಖಾತ್ರಿ ಆಗುವ ತನಕ ಕಳಿಸಬೇಡಿ, ಸುಮ್ನೆ ಇಟ್ಟುಕೊಳ್ಳಿ.

ವಿಡಿಯೋ ನಿಜವೇ ಆಗಿದ್ದರೆ? ನಿಜ ಹಂಚಿದರೆ ತಪ್ಪೇನು?

ಇದು ಒಳ್ಳೆಯ ಪ್ರಶ್ನೆ. ಹೊಡೆದಾಟದ ವಿಡಿಯೋ ನಿಜ, ಊರೂ ನಿಜ ಅಂತಿಟ್ಟುಕೊಳ್ಳಿ. ಹೊಡೆದವನ ಹೆಸರಿನ ಬದಲು ಅವನ ಸಮಾಜದ ಹೆಸರು ಬರೆದಿದ್ದಾರಾ? ಹಾಗಿದ್ದರೆ ಅಲ್ಲಿ ಸತ್ಯದ ಜತೆ ವಿಷ ಬೆರೆತಿದೆ. ಅಪರಾಧ ನಡೆದಿದ್ದರೆ ವಿಡಿಯೋ ಪೊಲೀಸರಿಗೆ ಕೊಡಿ. ಗ್ರೂಪಿಗೆ ಹಾಕಿದರೆ ಪೆಟ್ಟು ತಿಂದವನಿಗೆ ಏನೂ ಸಿಗುವುದಿಲ್ಲ, ಅವನ ಮುಖ ಮಾತ್ರ ಊರೆಲ್ಲ ಸುತ್ತುತ್ತದೆ.

ಎಐನಿಂದ ಮಾಡಿದ ಧ್ವನಿ, ಚಿತ್ರ ಗುರುತು ಹಿಡಿಯಬಹುದಾ?

ಮೊದಲು ಎಐ ಚಿತ್ರಗಳಲ್ಲಿ ಕೈಬೆರಳು ಹೆಚ್ಚುಕಡಿಮೆ ಇರುತ್ತಿದ್ದವು, ಅದನ್ನು ಎಣಿಸಿ ಹಿಡಿಯುವ ಕಾಲ ಹೋಗುತ್ತಿದೆ. ಚಿತ್ರದಲ್ಲಿರುವ ಬೋರ್ಡಿನ ಕನ್ನಡ ಅಕ್ಷರಗಳನ್ನು ಓದಿ ನೋಡಿ, ಒತ್ತಕ್ಷರ ಕಲಸಿ ಹೋಗಿದ್ದರೆ ಅನುಮಾನ ಪಡಿ. ಮುಖಂಡರೊಬ್ಬರು ಒಂದು ಧರ್ಮದ ಬಗ್ಗೆ ಭಯಂಕರ ಮಾತಾಡಿದ ಆಡಿಯೋ ಬಂದರೆ, ಆ ಭಾಷಣ ಯಾವ ಊರು, ಯಾವ ದಿನ, ವೇದಿಕೆಯ ಮೇಲೆ ಇನ್ನೂ ಯಾರಿದ್ದರು ಅಂತ ಕೇಳಿ. ನಿಜವಾದ ಭಾಷಣವನ್ನು ಬೇರೆ ನಾಲ್ಕು ಮೊಬೈಲ್ ರೆಕಾರ್ಡ್ ಮಾಡಿರುತ್ತವೆ, ಪತ್ರಿಕೆಯಲ್ಲಿ ಬಂದಿರುತ್ತದೆ. ಎಐ ಹಿಡಿಯುವ ಆ್ಯಪ್‌ಗಳ ಉತ್ತರವನ್ನು ಪೂರ್ತಿ ನಂಬಬೇಡಿ, ನಿಜವಾದದ್ದನ್ನು ಎಐ ಅಂತಲೂ, ಎಐನದ್ದನ್ನು ನಿಜ ಅಂತಲೂ ತಪ್ಪು ಹೇಳುತ್ತವೆ.

ಇದನ್ನೆಲ್ಲ ವಾಟ್ಸಾಪ್‌ನವರೇ ತಡೆಯಬಹುದಲ್ಲ?

ವಾಟ್ಸಾಪ್ ಸಂದೇಶಗಳು ಕಳಿಸಿದವರು, ಪಡೆದವರು ಬಿಟ್ಟು ಯಾರಿಗೂ ಓದಲು ಬಾರದ ಹಾಗೆ ಬೀಗ ಹಾಕಿರುತ್ತವೆ. ಅದು ನಮ್ಮ ಖಾಸಗಿತನಕ್ಕೆ ಬೇಕೇ ಬೇಕು. ಹಾಗಾಗಿ ಅವರು ಮಾತನ್ನು ಓದದೇ ವೇಗವನ್ನು ತಗ್ಗಿಸುತ್ತಾರೆ. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ಹಾಕಿದರು. 2020ರ ಏಪ್ರಿಲ್‌ನಿಂದ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಎರಡು ಬಾಣ ಕಂಡರೆ, ಕಳಿಸಿದ ನಿಮ್ಮ ಗೆಳೆಯನಿಗೂ ಅದನ್ನು ಮಾಡಿದವರು ಯಾರು ಅಂತ ಗೊತ್ತಿಲ್ಲ ಅಂತಲೇ ಅರ್ಥ.

ನೀವು ರಿಪೋರ್ಟ್ ಒತ್ತಿದಾಗ ಆ ನಂಬರಿನಿಂದ ಅಥವಾ ಗ್ರೂಪಿನಿಂದ ನಿಮಗೆ ಬಂದ ಕೊನೆಯ ಐದು ಸಂದೇಶ ಕಂಪನಿಗೆ ಹೋಗುತ್ತವೆ. ರಿಪೋರ್ಟ್ ಮಾಡಿದ್ದು ಆ ಕಡೆಯವರಿಗೆ ತಿಳಿಯುವುದಿಲ್ಲ. ಹೆದರಬೇಡಿ, ಒತ್ತಿ.

ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಕಂಪ್ಯೂಟರೇ ಹಿಡಿಯುತ್ತದಲ್ಲ? ಕನ್ನಡದ್ದೂ ಹಿಡಿಯುತ್ತದಾ?

ಇಂಗ್ಲಿಷ್‌ನಷ್ಟು ಚೆನ್ನಾಗಿ ಇಲ್ಲ. ನಮ್ಮ ಮಂದಿ ಬರೆಯುವುದನ್ನು ನೋಡಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದು ಮರಾಠಿ ಪದ, ಒಂದು ಹಿಂದಿ ಬೈಗುಳ, ಕೊನೆಗೆ ನಗುವ ಎಮೋಜಿ. ಬೆಂಗಳೂರಿನ ಕನ್ನಡ ಕಲಿತ ಯಂತ್ರಕ್ಕೆ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ. ಕೆಲವರು ಒಂದು ಅಕ್ಷರ ಬದಲಿಸಿ, ನಡುವೆ ಚುಕ್ಕೆ ಇಟ್ಟು ಬೇಕಂತಲೇ ತಪ್ಪಿಸಿಕೊಳ್ಳುತ್ತಾರೆ.

ಕೆಲಸ ಆಗುತ್ತಿಲ್ಲ ಅಂತಲ್ಲ. 2020ರಲ್ಲಿ ಸಂಶೋಧಕರು ಯೂಟ್ಯೂಬ್ ಕಾಮೆಂಟ್‌ಗಳಿಂದ ಕನ್ನಡ ಇಂಗ್ಲಿಷ್ ಬೆರೆತ ಏಳು ಸಾವಿರಕ್ಕೂ ಜಾಸ್ತಿ ಸಾಲು ಆರಿಸಿ, ಯಂತ್ರ ಕಲಿಯಲಿ ಅಂತ ಯಾವುದು ನಿಂದನೆ ಯಾವುದು ಅಲ್ಲ ಅನ್ನೋದನ್ನು ಗುರುತು ಹಾಕಿ ಕೊಟ್ಟರು. 2021ರಲ್ಲಿ ತಮಿಳು, ಮಲಯಾಳ, ಕನ್ನಡ ಮೂರಕ್ಕೂ ಸೇರಿಸಿ ನಿಂದನೆ ಪತ್ತೆ ಹಚ್ಚುವ ಸ್ಪರ್ಧೆಯೇ ನಡೆಯಿತು. ಆದರೂ ಏಳು ಸಾವಿರ ಸಾಲು ಇಡೀ ಕನ್ನಡ ನಾಡಿನ ಮಾತಿಗೆ ಎಲ್ಲಿ ಸಾಲುತ್ತದೆ? ಹಿಂದಿ, ತಮಿಳು, ಭಾರತೀಯ ಇಂಗ್ಲಿಷ್‌ನ ಬೈಗುಳ ಮರೆಮಾಡಲು ಉಲಿ ಅನ್ನೋ ಬ್ರೌಸರ್ ಪ್ಲಗಿನ್ 2022ರಲ್ಲಿ ಬಂತು. ಆ ಭಾಷೆಗಳನ್ನಾಡುವ ಹೆಣ್ಣುಮಕ್ಕಳು, ಕಾರ್ಯಕರ್ತರು ಕೂತು ಪದಗಳ ಪಟ್ಟಿ ಮಾಡಿಕೊಟ್ಟಿದ್ದರಿಂದ ಅದು ಆಯಿತು. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದನ್ನು ಯಾಕೆ ಎತ್ತಿಕೊಳ್ಳಬಾರದು? ಕನ್ನಡ ಮರಾಠಿ ಎರಡೂ ಮನೆಮಾತಾಗಿ ಇರುವವರು ಇಲ್ಲಿದ್ದಷ್ಟು ಬೇರೆ ಕಡೆ ಸಿಗುವುದಿಲ್ಲ.

ನಾನು ಗ್ರೂಪ್ ಅಡ್ಮಿನ್. ಯಾರೋ ಹಾಕಿದ್ದಕ್ಕೆ ನನ್ನನ್ನು ಹಿಡಿಯುತ್ತಾರಾ?

ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡಲು ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಕೈಜೋಡಿಸಿದ್ದರೆ ಮಾತು ಬೇರೆ.

ಕೇಸಿನ ಭಯ ಬದಿಗಿಡಿ. ಅಡ್ಮಿನ್ ಕೈಯಲ್ಲಿ ಇರುವಷ್ಟು ಶಕ್ತಿ ಊರಲ್ಲಿ ಬೇರೆ ಯಾರಿಗೂ ಇಲ್ಲ. ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು. ಬಿಗುವಿನ ದಿನ, ಅಂದ್ರೆ ವಿಸರ್ಜನೆ ಮೆರವಣಿಗೆ, ಈದ್ ಮೆರವಣಿಗೆ, ರಾಜ್ಯೋತ್ಸವ, ಚುನಾವಣೆ ಫಲಿತಾಂಶ ಇದ್ದಾಗ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಬಹುದು. ರಾತ್ರಿ ಹತ್ತರಿಂದ ಬೆಳಿಗ್ಗೆ ತನಕ ಗ್ರೂಪ್ ಮುಚ್ಚಿಟ್ಟರೂ ಎಷ್ಟೋ ಅನಾಹುತ ತಪ್ಪುತ್ತದೆ. ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಳ್ಳಿ, ಆಮೇಲೆ ಬೇಕಾಗಬಹುದು.

ಕಳಿಸುವವರು ಮನೆಯವರೇ. ಕಾಕಾ, ಮಾಮಾ, ಸಾಲಿ ಸರ್. ಹೇಗೆ ಹೇಳೋದು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ಎಲ್ಲಕ್ಕಿಂತ ಉಪಯೋಗದ ಪ್ರಶ್ನೆಯೂ ಹೌದು. ಗುರುತಿಲ್ಲದ ಖಾತೆಯ ಜತೆ ಸಾವಿರ ಕಾಮೆಂಟ್ ಜಗಳ ಆಡುವುದಕ್ಕಿಂತ, ನಿಮ್ಮ ಮೇಲೆ ಪ್ರೀತಿ ಇರುವ ಒಬ್ಬ ಕಾಕಾನ ಮನಸ್ಸು ತಿರುಗಿಸುವುದು ದೊಡ್ಡ ಕೆಲಸ ಅಂತ ನಾವು ನಂಬಿದ್ದೇವೆ.

ಗ್ರೂಪಿನಲ್ಲಿ ಎಲ್ಲರ ಮುಂದೆ "ಇದು ಸುಳ್ಳು" ಅಂತ ಬರೆಯಬೇಡಿ. ಹಿರಿಯರಿಗೆ ಮರ್ಯಾದೆ ಹೋಯಿತು ಅನ್ನಿಸಿದರೆ ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಒಬ್ಬರಿಗೇ ಬರೆಯಿರಿ, ಇಲ್ಲವೇ ಫೋನ್ ಮಾಡಿ. ನಮ್ಮ ಜತೆ ಕೆಲಸ ಮಾಡುವ ಗೋಕಾಕ ಕಡೆಯ ಹುಡುಗಿಯೊಬ್ಬಳು ಅವರ ಕಾಕಾನಿಗೆ ಹೀಗೆ ಬರೆದಿದ್ದಳು: "ಕಾಕಾ, ನೀವು ಹಾಕಿದ್ದ ವಿಡಿಯೋ ನೋಡಿದೆ, ನನಗೂ ಭಾಳ ಸಂಕಟ ಆತು. ಆದ್ರ ಅಂಗಡಿ ಬೋರ್ಡ್ ನೋಡ್ರಿ, ಬಂಗಾಳಿ ಅಕ್ಷರ ಇದಾವ. ನಮ್ಮ ಕಡೆದಲ್ಲ ಅನಸ್ತದ. ಗ್ರೂಪಿನ್ಯಾಗ ನಮ್ಮ ಓಣಿ ಮಂದೀನೂ ಇದಾರ, ಅವರಿಗೆ ಹೆಂಗ ಅನಸ್ತಿರಬೇಕು. ನೀವ ತಗದು ಒಂದ್ ಮಾತು ಹಾಕಿದ್ರ ಚಲೋ." ಕಾಕಾ ತೆಗೆದರು. ಎರಡು ದಿನ ಬಿಟ್ಟು ಇನ್ನೊಂದು ವಿಡಿಯೋ ಬಂದಾಗ ಮೊದಲು ಇವಳಿಗೇ ಕಳಿಸಿ "ಇದು ಖರೇನ ಏನು ನೋಡವಾ" ಅಂತ ಕೇಳಿದರಂತೆ.

ಅವಳು ಏನು ಮಾಡಿದಳು ನೋಡಿ. ಅವರ ಸಂಕಟವನ್ನು ಅಲ್ಲಗಳೆಯಲಿಲ್ಲ. ಉಪದೇಶ ಹೇಳಲಿಲ್ಲ. ಅವರೇ ಕಣ್ಣಾರೆ ನೋಡಿ ಒಪ್ಪಬಹುದಾದ ಒಂದು ಗುರುತು ತೋರಿಸಿದಳು. ತೆಗೆಯುವ ದೊಡ್ಡತನವನ್ನು ಅವರಿಗೇ ಬಿಟ್ಟಳು. ಎಲ್ಲರೂ ಹೀಗೆ ಬದಲಾಗುತ್ತಾರೆ ಅಂತಲ್ಲ. ಕೆಲವರಿಗೆ ದ್ವೇಷವೇ ಬೇಕಾಗಿರುತ್ತದೆ. ಅಂಥವರ ಜತೆ ವಾದಕ್ಕೆ ಇಳಿಯದೇ, ಅದೇ ಗ್ರೂಪಿನಲ್ಲಿ ಸುಮ್ಮನೆ ಓದುತ್ತಿರುವ ಉಳಿದವರಿಗಾಗಿ ಒಂದೇ ಒಂದು ಸಲ ನಿಜ ಏನು ಅಂತ ಬರೆದು ನಿಲ್ಲಿಸಿ.

ಕಾಮೆಂಟ್‌ನಲ್ಲಿ ತಿರುಗಿ ಉತ್ತರ ಕೊಡಬೇಕಾ?

ಜಗಳಕ್ಕೆ ಬೇಡ. ಕಾಮೆಂಟ್ ಜಾಸ್ತಿ ಆದಷ್ಟೂ ಆ ಪೋಸ್ಟ್ ಇನ್ನೂ ಹೆಚ್ಚು ಜನರ ಮುಂದೆ ಬರುತ್ತದೆ. ಖಂಡಿಸಲು ಅಂತ ಅದನ್ನೇ ಹಂಚಿದರೂ ಹಾಗೇ. ನಿಜ ಹೇಳಬೇಕಾದರೆ ನಿಮ್ಮದೇ ಖಾತೆಯಲ್ಲಿ ಹೊಸದಾಗಿ ಬರೆಯಿರಿ. ಮೊದಲ ಸಾಲಿನಲ್ಲೇ ನಿಜ ಇರಲಿ, ಸುಳ್ಳನ್ನು ದಪ್ಪಕ್ಷರದಲ್ಲಿ ಮತ್ತೆ ಹೇಳಬೇಡಿ. ದಾಳಿಗೆ ಒಳಗಾದವರಿಗೆ ಇನ್‌ಬಾಕ್ಸ್‌ನಲ್ಲಿ ಒಂದು ಮಾತು ಬರೆದು ಜತೆ ಇದ್ದೇವೆ ಅನ್ನಿ. ಆ ಹೊತ್ತಿನಲ್ಲಿ ಅವರಿಗೆ ಅದಕ್ಕಿಂತ ಬೇಕಾದದ್ದು ಇನ್ನೊಂದಿಲ್ಲ.

ನನ್ನ ಮೇಲೇ ದಾಳಿ ಆಗುತ್ತಿದೆ. ಮೊದಲು ಏನು ಮಾಡಲಿ?

ಒಬ್ಬರೇ ಓದುತ್ತಾ ಕೂರಬೇಡಿ. ನಂಬಿಕೆಯ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಅವರಿಂದ ಸ್ಕ್ರೀನ್‌ಶಾಟ್ ತೆಗೆಸಿ, ಲಿಂಕ್ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್‌ನಲ್ಲಿ ಖಾತೆಯ ಹೆಸರು, ತಾರೀಕು, ಸಮಯ ಕಾಣಬೇಕು. ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್, ಈ ಸಾಲಿನಲ್ಲೇ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ನಿಮಗೆ ಬೇಡದ ಪದಗಳನ್ನು ಸೆಟ್ಟಿಂಗ್ಸ್‌ನ ಹಿಡನ್ ವರ್ಡ್ಸ್‌ನಲ್ಲಿ ಬರೆದಿಟ್ಟರೆ ಅವು ಇರುವ ಕಾಮೆಂಟ್ ಮರೆಯಾಗುತ್ತವೆ. ಒಂದೇ ಪದವನ್ನು ಕನ್ನಡ ಲಿಪಿಯಲ್ಲೂ, ಇಂಗ್ಲಿಷ್ ಅಕ್ಷರದ ಎರಡು ಮೂರು ಕಾಗುಣಿತದಲ್ಲೂ ಹಾಕಿ. ಯೂಟ್ಯೂಬ್ ಚಾನೆಲ್ ಇದ್ದರೆ ಕಾಮೆಂಟ್‌ಗಳನ್ನು ನೀವು ಒಪ್ಪಿದ ಮೇಲೆ ಕಾಣುವ ಹಾಗೆ ತಡೆಹಿಡಿಯಬಹುದು.

ಜೀವ ಬೆದರಿಕೆ ಇದ್ದರೆ ಇದೆಲ್ಲ ಬಿಟ್ಟು 112ಕ್ಕೆ ಫೋನ್ ಮಾಡಿ.

ಶಾಲೆಯಲ್ಲಿ ಇದನ್ನು ಕಲಿಸಬಹುದಾ?

ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರ ಹೊತ್ತಿಗೆ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಮಾಡಿದರು, ಹೆಸರು ಸತ್ಯಮೇವ ಜಯತೆ. ನಮ್ಮಲ್ಲೂ ಎಂಟನೇ ಒಂಬತ್ತನೇ ತರಗತಿಗೆ ಇದು ಸಲೀಸು. ಒಂದೇ ಫೋಟೋ ಕೊಟ್ಟು, ಅರ್ಧ ಮಕ್ಕಳಿಗೆ ಸಿಟ್ಟು ಬರಿಸುವ ಸಾಲು, ಉಳಿದವರಿಗೆ ನಗು ಬರಿಸುವ ಸಾಲು ಬರೆಯಲು ಹೇಳಿ, ಎರಡನ್ನೂ ಬೋರ್ಡಿಗೆ ಅಂಟಿಸಿ. ಮಿಕ್ಕಿದ್ದನ್ನು ಮಕ್ಕಳೇ ಹೇಳುತ್ತಾರೆ. ಜಾತಿ ಧರ್ಮದ ನಿಜವಾದ ಪೋಸ್ಟ್ ಮಾತ್ರ ತರಗತಿಗೆ ತರಬೇಡಿ, ಆ ಸಮಾಜದ ಮಗು ಅಲ್ಲೇ ಕುಳಿತಿರುತ್ತದೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಇದೆ. ಗುಂಪುಗಳ ನಡುವೆ ವೈರ ಬೆಳೆಸುವುದಕ್ಕೆ ಕಲಂ 196, ಬೇಕಂತಲೇ ಧಾರ್ಮಿಕ ಭಾವನೆಗೆ ಧಕ್ಕೆ ತರುವುದಕ್ಕೆ 299, ದ್ವೇಷ ಹುಟ್ಟಿಸುವ ಸುಳ್ಳು ವದಂತಿಗೆ 353. ಸಾಮಾನ್ಯವಾಗಿ ಮೂರು ವರ್ಷದ ತನಕ ಜೈಲು. ಜಾತಿ ನಿಂದನೆ ಆಗಿದ್ದರೆ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ. ಆನ್‌ಲೈನ್‌ನಲ್ಲಿ ನೋವಾಗುವಂಥ ಸಂದೇಶ ಕಳಿಸಿದ್ದಕ್ಕೆ ಇದ್ದ ಐಟಿ ಕಾಯ್ದೆಯ ಕಲಂ 66ಎ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ, ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ದ್ವೇಷ ಭಾಷಣದ ವಿಷಯದಲ್ಲಿ ದೂರು ಬರಲಿ ಬಿಡಲಿ ಪೊಲೀಸರೇ ಕೇಸು ದಾಖಲಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. 2025ರ ಡಿಸೆಂಬರ್‌ನಲ್ಲಿ ನಮ್ಮದೇ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಗೆ ಎರಡೂ ಸದನ ಒಪ್ಪಿಗೆ ಕೊಟ್ಟವು. ಸರ್ಕಾರವನ್ನು ಟೀಕಿಸುವವರ ಮೇಲೆ ಇದನ್ನು ಬಳಸಿದರೆ ಏನು ಗತಿ ಅನ್ನುವ ಆತಂಕ ಸದನದ ಒಳಗೂ ಹೊರಗೂ ಕೇಳಿಬಂತು. ಆ ಆತಂಕವನ್ನು ತಳ್ಳಿಹಾಕಬಾರದು ಅಂತ ನಮಗೂ ಅನ್ನಿಸುತ್ತದೆ. ಕಾನೂನು ಬೇಕು, ಆದರೆ ಮೊದಲ ಪ್ರಶ್ನೆಯಲ್ಲಿ ಹೇಳಿದ ರಬಾತ್‌ನ ಆರು ಅಂಶ ನೋಡದೇ ಸಿಕ್ಕಸಿಕ್ಕವರ ಮೇಲೆ ಕೇಸು ಹಾಕಿದರೆ ಮಾತಾಡಬೇಕಾದವರೇ ಬಾಯಿ ಮುಚ್ಚುತ್ತಾರೆ.

ದೂರು ಎಲ್ಲಿ ಕೊಡೋದು? ಠಾಣೆಯಲ್ಲಿ ತಗೊಳ್ಳದಿದ್ದರೆ?

ಮೊದಲು ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ತೆಗೆಯದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ದೂರು ಮುಟ್ಟಿದೆ ಅಂತ 24 ಗಂಟೆಯೊಳಗೆ ಅವರು ತಿಳಿಸಬೇಕು. ಅವರ ಉತ್ತರ ಸರಿ ಅನ್ನಿಸದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ಶುಲ್ಕ ಇಲ್ಲ.

ಪೊಲೀಸ್ ದೂರಿಗೆ ನಿಮ್ಮ ಹತ್ತಿರದ ಠಾಣೆ ಇದೆ, ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ದೂರಿನಲ್ಲಿ ಪೋಸ್ಟ್‌ನ ಲಿಂಕ್, ಖಾತೆಯ ಹೆಸರು, ನೀವು ನೋಡಿದ ದಿನ ಮತ್ತು ಸಮಯ ಬರೆಯಿರಿ, ಸ್ಕ್ರೀನ್‌ಶಾಟ್‌ನ ಪ್ರಿಂಟ್ ಹಚ್ಚಿ. ಮೂಲ ಸಂದೇಶ ಬಂದ ಮೊಬೈಲ್‌ನಿಂದ ಅದನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ, ಕೋರ್ಟಿನಲ್ಲಿ ಅದೇ ಸಾಕ್ಷಿ.

"ಇದು ನಮ್ಮ ಹದ್ದಿಗೆ ಬರುವುದಿಲ್ಲ" ಅಂದರೆ ಝೀರೋ ಎಫ್‌ಐಆರ್ ಕೇಳಿ, ಯಾವ ಠಾಣೆಯಾದರೂ ತಗೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಟ್ಟಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು 14 ದಿನದ ಪ್ರಾಥಮಿಕ ವಿಚಾರಣೆ ನಡೆಸಬಹುದು, ಅದಕ್ಕೆ ಅವಕಾಶ ಇದೆ, ಹಾಗಾಗಿ ಕೂಡಲೇ ಎಫ್‌ಐಆರ್ ಆಗಲಿಲ್ಲ ಅಂತ ಕೈಬಿಡಬೇಡಿ. ದೂರನ್ನೇ ಮುಟ್ಟದಿದ್ದರೆ ಅದನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ, ನಗರದವರಾದರೆ ಕಮಿಷನರ್ ಕಚೇರಿಗೆ ಕಳಿಸಿ, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.